ಬ್ಲೌಸ್ ಚೂರಲ್ಲಿ ಹೊಲಿಗೆ ಮನೆಗೆ ಏನೇನ್ ಮಾಡ್ಕೋಬಹುದು

ಮಧುಗಿರಿ ಸಿಸ್ಟರ್, ಒಂದು ಚೀಲ ತುಂಬ ಬ್ಲೌಸ್ ಚೂರು ಸೇರ್ಕೊಂಡಿದೆ, ಎಸೆಯೋಕೆ ಮನಸಿಲ್ಲ, ಮಷಿನ್ ಹತ್ರಾನೇ ಉಪಯೋಗ ಆಗೋ ಥರ ಬೇಗ ಆಗೋದು ಏನಾದ್ರೂ ಹೇಳಿ ಅಂದಿದ್ರಲ್ಲ. ಮೇಲೆ ಉತ್ತರ ಬರೆದಿರೋ ಎಲ್ರೂ ಮಷಿನ್ ಕವರ್ ಹೊಲೀರಿ ಅಂತಿದಾರೆ, ನಾನಂತೂ ಬೇಡ ಅಂತೀನಿ. ಅಂಗೈ ಅಗಲದ ಚೂರು ಜೋಡಿಸ್ತಾ ಕೂತ್ರೆ ಎರಡು ದಿನ ಹೋಗುತ್ತೆ, ಅದಕ್ಕೆ ಹಳೇ ಲುಂಗಿ ಸಾಕು.

ಮೊದಲು ದಾರದ ಕಸಕ್ಕೆ ಒಂದು ಚೀಲ ಮಾಡ್ಕೊಳಿ. 8 ಇಂಚು ಅಗಲ 10 ಇಂಚು ಉದ್ದದ ಎರಡು ತುಂಡು, ಬಣ್ಣ ಬೇರೆ ಬೇರೆ ಆದ್ರೂ ಪರ್ವಾಗಿಲ್ಲ, ಮೂರು ಕಡೆ ಹೊಲಿದು ಬಾಯಿ ಹತ್ರ ಒಂದು ಇಂಚು ಮಡಚಿ ಹೊಲೀರಿ, ಆ ಮಡಿಕೆ ಒಳಗೆ ಪಾರ್ಸೆಲ್ ಬಾಕ್ಸಿಗೆ ಸುತ್ತಿರ್ತಾರಲ್ಲ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಅದನ್ನ ತೂರಿಸಿದ್ರೆ ಬಾಯಿ ತೆಕ್ಕೊಂಡೇ ಇರುತ್ತೆ. ಲಾಡಿ ಹಾಕಿ ಟೇಬಲ್ಲಿಗೆ ಕಟ್ಟಿ, ಆದ್ರೆ ಕಾಲು ಮಷಿನ್ ಆದ್ರೆ ಎಡಗಡೆನೇ ಕಟ್ಟಿ, ಬಲಗಡೆ ಬೆಲ್ಟು ಚಕ್ರ ಇರೋದ್ರಿಂದ ಬಟ್ಟೆ ಸಿಕ್ಕಾಕ್ಕೊಳುತ್ತೆ.

ಸೂಜಿ ದಿಂಬು, ಪಿನ್ ಕುಶನ್ ಅಂತೀವಲ್ಲ, ಅದನ್ನ ಹೊಲಿಯೋದು ಹತ್ತು ನಿಮಿಷದ ಕೆಲಸ, ಒಳಗೆ ಏನು ತುಂಬ್ತೀವಿ ಅನ್ನೋದೇ ಮುಖ್ಯ. ನಾನು ಮೊದಲನೇ ಸಲ ಬುದ್ಧಿ ಉಪಯೋಗಿಸ್ದೆ ಅಂತ ರಾಗಿ ತುಂಬಿದ್ದೆ, ಮಳೆಗಾಲದಲ್ಲಿ ಹುಳ ಬಿತ್ತು, ಆಮೇಲೆ ಒಂದು ರಾತ್ರಿ ಇಲಿ ಬಂದು ಪೂರ್ತಿ ಹರಿದು ಹಾಕ್ತು, ಬೆಳಗ್ಗೆ ಎದ್ರೆ ಮನೆ ತುಂಬ ರಾಗಿ ಗುಂಡುಸೂಜಿ. ಬೂರುಗದ ಹತ್ತಿನೂ ಬೇಡ, ತುಂಬ ಮೆತ್ತಗೆ, ಸೂಜಿ ಪೂರ್ತಿ ಒಳಗೆ ಹೋಗಿ ಕಾಣೆ ಆಗುತ್ತೆ. ಕೈಗೆ ಸಿಗದಷ್ಟು ಸಣ್ಣ ಚೂರು, ದಾರದ ತುದಿ ಇದನ್ನೆಲ್ಲಾ ಕತ್ತರೀಲಿ ಇನ್ನೂ ಸಣ್ಣಗೆ ಮಾಡಿ, ಬೆರಳಿಗೆ ಕಲ್ಲಿನ ಥರ ಗಟ್ಟಿ ಸಿಗೋವರ್ಗೂ ತುಂಬಿ. ನಮ್ಮತ್ತೆ ಬಾಚಿದ ಕೂದಲು ತುಂಬ್ತಿದ್ರು, ಅದರಲ್ಲಿ ಎಣ್ಣೆ ಇರೋದ್ರಿಂದ ಸೂಜಿ ತುಕ್ಕು ಹಿಡಿಯಲ್ಲ, ನನಗೆ ಮಾತ್ರ ಮನಸ್ಸು ಒಪ್ಪಲ್ಲ ಬಿಡಿ. 4 ಇಂಚಿನ ಚೌಕ ಎರಡು, ಒಳಗೆ ಲೈನಿಂಗ್ ಬಟ್ಟೆ ಸೇರಿಸಿ. ಕೈಗೆ ಕಟ್ಕೊಳೋದಾದ್ರೆ ಅಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಳ ಕತ್ತರಿಸಿ ಇಡಿ, ಇಲ್ದಿದ್ರೆ ಮಣಿಕಟ್ಟಿಗೆ ಚುಚ್ಚುತ್ತೆ.

ಇನ್ನೊಂದು ಯಾರೂ ಹೇಳಿಲ್ಲ, ಬಟ್ಟೆ ಕತ್ತರಿಸುವಾಗ ಪೇಪರ್ ಕಟಿಂಗ್, ಅಂದ್ರೆ ಅಳತೆಗೆ ಕತ್ತರಿಸಿಟ್ಟ ಕಾಗದದ ಮಾದರಿ, ಜರುಗದಂಗೆ ಇಡೋ ಭಾರದ ಗಂಟು. ರೇಷ್ಮೆ ಬ್ಲೌಸ್ ಪೀಸಿಗೆ ಪಿನ್ ಚುಚ್ಚಿದ್ರೆ ತೂತು ಉಳ್ಕೊಳುತ್ತೆ, ಅದಕ್ಕೇ ಇದು ಬೇಕು. ನಮ್ಮ ಚಿಂತಾಮಣಿ ಕಡೆ ಶಿವರಾತ್ರಿ ಕಳೆದ್ಮೇಲೆ ಮನೆಮನೇಲಿ ಹುಣಸೆಹಣ್ಣು ಬಡಿದು ಬೀಜ ತೆಗೀತಾರೆ, ನಾನು ಅದನ್ನೇ ತುಂಬೋದು. 4 ಇಂಚು ಅಗಲ 8 ಇಂಚು ಉದ್ದದ ತುಂಡನ್ನ ಒಳಮೈ ಹೊರಗೆ ಬರೋ ಥರ ಮಧ್ಯಕ್ಕೆ ಮಡಚಿದ್ರೆ ಚೌಕ ಆಗುತ್ತೆ, ಮಡಿಕೆ ಎದುರಿನ ಬದಿ, ಆಮೇಲೆ ತಳ ಹೊಲೀರಿ. ಮೇಲಿನ ಬಾಯಿನ ಹಾಗೇ ಹೊಲೀಬೇಡಿ, ಬದಿ ಹೊಲಿಗೆ ಮಧ್ಯಕ್ಕೆ ಬರೋ ಥರ ತಿರುಗಿಸಿ ಹಿಡಿದು, ತಿರುವಿ ಬೀಜ ತುಂಬೋಕೆ ಒಂದೂವರೆ ಇಂಚು ಬಿಟ್ಟು ಹೊಲೀರಿ. ತಿರುವಿದ್ರೆ ಸಮೋಸ ಥರ ಗಂಟು ಬರುತ್ತೆ, ಬೀಜ ತುಂಬಿ ಬಾಯಿನ ಕೈಹೊಲಿಗೇಲಿ ಮುಚ್ಚಿ. ಬೀಜ ತೊಳೆದು ಎರಡು ಮೂರು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸ್ಬೇಕು, ಹಣ್ಣಿನ ಅಂಟು ಉಳಿದ್ರೆ ಇರುವೆ ಬರುತ್ತೆ, ಬಟ್ಟೆಗೂ ಕಲೆ. ಆರು ಗಂಟು ಇದ್ರೆ ಒಂದು ಬ್ಲೌಸಿಗೆ ಆರಾಮ. ಅಂದಹಾಗೆ ಈ ಬೀಜದ ಹಿಟ್ಟಿನ ಗಂಜಿನ ಬಟ್ಟೆ ಮಿಲ್ಲಲ್ಲಿ ನೂಲಿಗೂ ಹಾಕ್ತಾರೆ.

ಕತ್ತರಿ ಕವರಿಗೆ ಮಾತ್ರ ಬ್ಲೌಸ್ ಚೂರು ಬೇಡ, ತುದಿ ಚುಚ್ಕೊಂಡು ಹೊರಗೆ ಬರುತ್ತೆ. ಹಳೇ ಜೀನ್ಸ್ ಕಾಲು ತಗೊಂಡು, ಕತ್ತರಿನ ಬಟ್ಟೆ ಮೇಲಿಟ್ಟು ಗೀರು ಹಾಕಿ, ಸುತ್ತ ಮುಕ್ಕಾಲು ಇಂಚು ಬಿಟ್ಟು ಎರಡು ಪದರ ಹೊಲೀರಿ, ತುದಿ ಹತ್ರ ಎರಡು ಸಲ. 16 ನಂಬರ್ ಸೂಜಿ ಹಾಕ್ಕೊಳಿ, ನಾನು ಇದ್ದ ಸೂಜೀಲೇ ಹೊಲಿಯೋಕೆ ಹೋಗಿ ಎರಡು ಮುರ್ಕೊಂಡೆ. ಆದ್ಮೇಲೆ ಮರೀದೇ ಬಿಚ್ಚಿ ಸಣ್ಣ ಸೂಜಿ ಹಾಕಿ, ಅದರಲ್ಲೇ ಯಾರದೋ ರೇಷ್ಮೆ ಬ್ಲೌಸ್ ಹೊಲಿದ್ರೆ ಸಾಲಾಗಿ ತೂತು ಕಾಣುತ್ತೆ, ಆಮೇಲೆ ಅವರಿಗೆ ಏನಂತ ಹೇಳ್ತೀರ.