ಮಾಡಿದ ತಪ್ಪು, ಮಾಡದ ತಪ್ಪು: ಎರಡು ಪತ್ರಗಳಿಗೆ ಉತ್ತರ

ಪ್ರಶ್ನೆ: ಆರು ವರ್ಷಗಳ ಹಿಂದೆ ಕಚೇರಿಯ ಲೆಕ್ಕದಲ್ಲಿ ನನ್ನಿಂದಾದ ತಪ್ಪು ಕಿರಿಯ ಸಹೋದ್ಯೋಗಿಯೊಬ್ಬರ ತಲೆಗೆ ಬಂತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅವರು ಕೆಲಸ ಬಿಟ್ಟುಹೋದರು. ಅಂದಿನಿಂದ ಯಾರು ಏನು ಕೇಳಿದರೂ ಇಲ್ಲವೆನ್ನಲಾಗದೆ ಎಲ್ಲರ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುತ್ತೇನೆ, ದಾನ ಮಾಡುತ್ತೇನೆ, ನನಗಾಗಿ ಏನನ್ನೂ ಕೊಳ್ಳುವುದಿಲ್ಲ. ಆದರೂ ಕೊರಗು ಬಿಟ್ಟಿಲ್ಲ. ಏನು ಮಾಡಲಿ?

ಉತ್ತರ: ಕೊರಗು ಬಿಡದಿರುವುದು ಸಹಜವೇ, ಏಕೆಂದರೆ ನೀವು ಆರು ವರ್ಷಗಳಿಂದ ತೀರಿಸುತ್ತಿರುವ ಸಾಲ ಕೊಟ್ಟವರ ಕೈ ಸೇರುತ್ತಿಲ್ಲ. ನೊಂದವರ ಎದುರು ನಿಲ್ಲಲಾಗದವರು ಎಷ್ಟೋ ಸಲ ತಮ್ಮನ್ನೇ ದಂಡಿಸಿಕೊಳ್ಳಲು ತೊಡಗುತ್ತಾರೆ. ಮನಶ್ಶಾಸ್ತ್ರಜ್ಞ ಬ್ರಾಕ್ ಬಾಸ್ಟಿಯನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಾವು ಯಾರನ್ನೋ ತಿರಸ್ಕರಿಸಿದ ಪ್ರಸಂಗವನ್ನು ನೆನೆದು ಬರೆದವರು, ಸಾಮಾನ್ಯ ಪ್ರಸಂಗವನ್ನು ಬರೆದವರಿಗಿಂತ ಹೆಚ್ಚು ಹೊತ್ತು ಮಂಜುಗಡ್ಡೆಯ ನೀರಿನಲ್ಲಿ ಕೈ ಅದ್ದಿಕೊಂಡಿದ್ದರು. ಆ ನೋವುಂಡ ಬಳಿಕ ಅವರ ಪಾಪಪ್ರಜ್ಞೆ ತಗ್ಗಿತ್ತು. ನಿಮ್ಮ ಅತಿಯಾದ ದುಡಿಮೆಯೂ ನಿಮ್ಮನ್ನು ಸ್ವಲ್ಪ ಹೊತ್ತು ಹಗುರಗೊಳಿಸುತ್ತಿರಬಹುದು, ಆದರೆ ಕೆಲಸ ಬಿಟ್ಟುಹೋದವರಿಗೆ ಅದರಿಂದ ದಕ್ಕಿದ್ದೇನೂ ಇಲ್ಲ, ಮತ್ತು ಅದು ನಿಮಗೂ ಗೊತ್ತಿದೆ.

ಪಾಪಪ್ರಜ್ಞೆಯೇ ಕೆಟ್ಟದ್ದೆಂದು ನಾನು ಹೇಳಲಾರೆ. ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿದ ಜೂನ್ ಟ್ಯಾಂಗ್ನಿ ಅವರ ಪ್ರಕಾರ, ‘ನಾನು ಮಾಡಿದ್ದು ತಪ್ಪು’ ಎಂದುಕೊಳ್ಳುವವರು ಅದನ್ನು ಸರಿಪಡಿಸಲು ಮುಂದಾಗುವ ಸಂಭವ ಹೆಚ್ಚು, ‘ನಾನೇ ಸರಿಯಿಲ್ಲ’ ಎಂದುಕೊಳ್ಳುವವರು ಮುಖ ಮರೆಸಿಕೊಳ್ಳುವ ಸಂಭವ ಹೆಚ್ಚು. ನೀವು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿದ್ದೀರಿ ಎಂದು ಪತ್ರ ಓದಿದಾಗ ಅನ್ನಿಸಿತು.

ಆ ಸಹೋದ್ಯೋಗಿಗೆ ಪತ್ರ ಬರೆಯಿರಿ. ‘ಲೆಕ್ಕ ತಪ್ಪಿದ್ದು ನನ್ನಿಂದ, ಆರೋಪ ನಿಮ್ಮ ಮೇಲೆ ಬಂದಾಗ ಗೊತ್ತಿದ್ದೂ ಸುಮ್ಮನಿದ್ದೆ’ ಎಂಬಷ್ಟು ನೇರವಾಗಿ ಬರೆಯಿರಿ. ಆಗ ಮನೆಯ ಪರಿಸ್ಥಿತಿ ಹೀಗಿತ್ತು, ಮೇಲಧಿಕಾರಿ ಹಾಗಿದ್ದರು ಎಂಬ ಸಮಜಾಯಿಷಿ ಬೇಡ, ನಿಮ್ಮ ಆರು ವರ್ಷಗಳ ಸಂಕಟದ ವರ್ಣನೆಯಂತೂ ಖಂಡಿತ ಬೇಡ, ಏಕೆಂದರೆ ಅದನ್ನು ಓದಿದವರು ನಿಮ್ಮನ್ನೇ ಸಂತೈಸಬೇಕಾಗಿ ಬರುತ್ತದೆ. ಕಚೇರಿಗೂ ನಿಜವನ್ನು ಬರೆದುಕೊಡಲು ಸಿದ್ಧರಿರುವುದಾಗಿ ತಿಳಿಸಿ. ಅದು ಬೇಕೋ ಬೇಡವೋ ಎಂಬುದನ್ನು ಅವರು ತೀರ್ಮಾನಿಸಲಿ. ಹಣಕಾಸಿನ ವಿಷಯವಾದ್ದರಿಂದ ಮೊದಲೊಮ್ಮೆ ವಕೀಲರನ್ನು ಕೇಳುವುದು ವಿವೇಕ (ಅದನ್ನೇ ಮುಂದೂಡಲು ನೆಪ ಮಾಡಿಕೊಳ್ಳಬೇಡಿ). ಪತ್ರ ಓದಿ ಆ ಸಹೋದ್ಯೋಗಿ ಸಿಟ್ಟಾಗಬಹುದು, ಉತ್ತರಿಸದೆಯೂ ಇರಬಹುದು. ಕ್ಷಮಿಸುವುದು ಅವರ ಕರ್ತವ್ಯವಲ್ಲ. ಸಹೋದ್ಯೋಗಿಗಳ ಕೆಲಸವನ್ನು ಅವರವರಿಗೇ ಹಿಂತಿರುಗಿಸಲು ಮಾತ್ರ ಆ ಉತ್ತರಕ್ಕಾಗಿ ಕಾಯಬೇಕಿಲ್ಲ.

ಪ್ರಶ್ನೆ: ರಾತ್ರಿ ಎದೆಯುರಿ ಎಂದ ತಂದೆಗೆ ಆಮ್ಲಪಿತ್ತವಿರಬೇಕೆಂದು ಮಾತ್ರೆ ಕೊಟ್ಟು ಮಲಗಿಸಿದೆ. ಬೆಳಗಾಗುವಷ್ಟರಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ವರ್ಷವಾಗುತ್ತ ಬಂದರೂ ನಿದ್ದೆ ಸರಿಯಿಲ್ಲ. ನಾನೇ ಅವರನ್ನು ಕೊಂದೆ ಎನ್ನಿಸುತ್ತದೆ.

ಉತ್ತರ: ನಿಮ್ಮ ಸ್ಥಿತಿ ಬೇರೆ. ಹೃದಯಾಘಾತದ ನೋವು ಎದೆಯುರಿಯಂತೆಯೇ ಕಾಣಿಸಿಕೊಳ್ಳುವುದುಂಟು, ಪರೀಕ್ಷೆಯಿಲ್ಲದೆ ಅವೆರಡನ್ನು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಕೊನೆ ಏನಾಯಿತೆಂದು ತಿಳಿದ ಮೇಲೆ, ಅದು ಮೊದಲೇ ಕಾಣುವಂತಿತ್ತು ಎಂದು ಮನಸ್ಸು ನಂಬಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲಿಯೇ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಆ ರಾತ್ರಿ ಅವರು ಏನು ಹೇಳಿದರು, ಹಿಂದೆ ಎಂದಾದರೂ ಹಾಗೆ ಹೇಳಿದ್ದರೇ, ನಿಮಗೆ ಏನು ಕಾಣಿಸಿತು ಎಂಬುದನ್ನಷ್ಟೇ ಹಾಳೆಯ ಮೇಲೆ ಬರೆಯಿರಿ, ಬೆಳಗ್ಗೆ ತಿಳಿದದ್ದನ್ನು ಅದರಲ್ಲಿ ಸೇರಿಸಬೇಡಿ. ಅದನ್ನು ಓದಿದಾಗ ನಿಮಗೆ ಕಾಣುವುದು ತಂದೆಯ ಉರಿ ಶಮನವಾಗಲೆಂದು ಕೈಲಾದದ್ದನ್ನು ಮಾಡಿದ ಮಗುವೊಂದೇ ಎಂದು ನನ್ನ ನಂಬಿಕೆ.

ಆದರೆ ಬರವಣಿಗೆಯೊಂದೇ ನಿಮಗೆ ಸಾಲದು. ಬೇಸರ ಅಥವಾ ನಿರಾಸಕ್ತಿಯ ಜೊತೆಗೆ ನಿದ್ರಾಹೀನತೆ, ಅತಿಯಾದ ಪಾಪಪ್ರಜ್ಞೆ ಮುಂತಾದವು 2 ವಾರಗಳಿಗೂ ಮೀರಿ ದಿನವೂ ಕಾಡಿದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ; ಸಾಯಬೇಕೆಂಬ ಯೋಚನೆ ಸುಳಿದರೆ ಒಂದು ದಿನವೂ ತಡಮಾಡಬೇಡಿ. ಮನೋವೈದ್ಯರ ಬಳಿ ಹೋದಾಗ ನಿದ್ದೆ ಬಾರದ ಸಂಗತಿಯನ್ನಷ್ಟೇ ಹೇಳಿ ಮಾತ್ರೆ ಬರೆಸಿಕೊಂಡು ಹಿಂತಿರುಗದೆ, ನನಗೆ ಬರೆದ ಈ ಕೊನೆಯ ವಾಕ್ಯವನ್ನು ಅವರಿಗೂ ಹೇಳಿ.