ತಾಯಿಗೂ ಮಗನಿಗೂ ಒಂದೇ ಬ್ಲಡ್ ಗ್ರೂಪ್, ಆದ್ರೂ ಬೇರೆಯವರ ರಕ್ತ ಯಾಕೆ?

ಜಮಖಂಡಿಯಿಂದ ಅವ್ವನನ್ನು ಆಪರೇಷನ್‌ಗೆ ಅಂತ ವಿಜಯಪುರಕ್ಕೆ ಕರೆತಂದಿದ್ದೀರಿ. ಇಬ್ಬರದೂ ಓ ಪಾಸಿಟಿವ್. ನೀವು ರಕ್ತ ಕೊಟ್ಟಿರಿ, ಆದರೆ ಬ್ಲಡ್ ಬ್ಯಾಂಕಿನವರು ಅವ್ವನಿಗೆ ಬೇರೆ ಯಾರದೋ ಬಾಟಲಿ ತೆಗೆದಿಟ್ಟಿದ್ದಾರೆ. 'ಸ್ವಂತ ಮಗನ ರಕ್ತಕ್ಕಿಂತ ಸೇಫ್ ಯಾವುದಿದೆ?' ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್. ಇದೇ ಮಾತಿಗೆ ನಮ್ಮ ಕೌಂಟರಿನಲ್ಲೂ ಆಗಾಗ ಜಗಳ ಆಗುತ್ತೆ. ಅವರು ಮಾಡಿದ್ದು ಸರಿ ಇದೆ ರೀ.

ಕೆಂಪು ಕಣದ ಮೇಲೆ ಎ, ಬಿ ಅಂತ ಗುರುತುಗಳಿರುತ್ತವೆ. ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಓ. ಡಿ ಅನ್ನೋ ಇನ್ನೊಂದು ಗುರುತು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮಲ್ಲಿ ಎ ಅಥವಾ ಬಿ ಇಲ್ಲದಿದ್ದರೆ ಅದರ ವಿರುದ್ಧ ಆಂಟಿಬಾಡಿ, ಅಂದರೆ ಆ ಗುರುತಿನ ಕಣದ ಮೇಲೆ ಮುಗಿಬೀಳುವ ರಕ್ಷಣಾ ವಸ್ತು, ಚಿಕ್ಕಂದಿನಲ್ಲೇ ತಯಾರಾಗಿರುತ್ತೆ. ಓ ಗ್ರೂಪಿನವರಿಗೆ ಎ ರಕ್ತ ಹಾಕಿದರೆ ಆ ಕಣಗಳು ಮೈಯೊಳಗೇ ಒಡೆಯುತ್ತವೆ, ಕಿಡ್ನಿ ಕೈಕೊಡುತ್ತೆ, ಜೀವವೂ ಹೋಗಬಹುದು. ಕಾರ್ಲ್ ಲ್ಯಾಂಡ್‌ಸ್ಟೈನರ್ ಅನ್ನೋ ವಿಜ್ಞಾನಿ 1901ರಲ್ಲಿ ಎ, ಬಿ, ಓ ಗ್ರೂಪುಗಳನ್ನು ತೋರಿಸಿಕೊಡುವ ಮುಂಚೆ ರಕ್ತ ಹಾಕೋದು ಅಂದರೆ ಜೂಜೇ ಆಗಿತ್ತು.

ಲ್ಯಾಬಿನಲ್ಲಿ ನಾವು ನೋಡೋದು ಹೀಗೆ. ನೀಲಿ ಬಣ್ಣದ ಆಂಟಿ-ಎ, ಹಳದಿ ಆಂಟಿ-ಬಿ, ಬಣ್ಣವಿಲ್ಲದ ಆಂಟಿ-ಡಿ ಅಂತ ಆಂಟಿಬಾಡಿ ಇರುವ ಮೂರು ದ್ರಾವಣ ಇರುತ್ತವೆ. ಒಂದೊಂದು ಹನಿಗೂ ರಕ್ತ ಬೆರೆಸಿದಾಗ ನಿಮ್ಮ ಅವ್ವನದು ಮೊದಲ ಎರಡರಲ್ಲಿ ಹಾಗೇ ಇರುತ್ತೆ, ಮೂರನೆಯದರಲ್ಲಿ ಒಡೆದ ಹಾಲಿನ ಹಾಗೆ ಗಂಟು ಗಂಟಾಗುತ್ತೆ. ಆಮೇಲೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ತೆಗೆದು, ಗ್ರೂಪ್ ಗೊತ್ತಿರುವ ಕಣಗಳ ಜೊತೆ ಬೆರೆಸಿ, ತಿರುಗಿಸಿಯೂ ನೋಡುತ್ತೇವೆ. ಓ ಅಂತಲೇ ಕಾಣುವ ಬಾಂಬೆ ಗ್ರೂಪ್ ಸಿಕ್ಕಿಬೀಳೋದು ಅಲ್ಲೇ. 1952ರಲ್ಲಿ ಮುಂಬಯಿಯಲ್ಲಿ ಮೊದಲು ಗೊತ್ತಾದ ಗ್ರೂಪ್ ಅದು. ಅವರಿಗೆ ಓ ರಕ್ತವೂ ಆಗಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಎ, ಬಿ, ಡಿ ಬಿಟ್ಟು ಕೆಲ್, ಡಫಿ, ಕಿಡ್ ಅಂತ ಸಣ್ಣಪುಟ್ಟ ಗುರುತುಗಳು ಬಹಳ ಇವೆ. ಅವುಗಳಲ್ಲಿ ಅರ್ಧ ನಿಮಗೆ ಅಪ್ಪನಿಂದ ಬಂದಿವೆ. ನೀವು ಹೊಟ್ಟೆಯಲ್ಲಿದ್ದಾಗ, ಹೆರಿಗೆಯಾದಾಗ, ನಿಮ್ಮ ರಕ್ತ ಚೂರುಪಾರು ಅವ್ವನ ರಕ್ತಕ್ಕೆ ಸೇರಿರುತ್ತೆ. ಅಪ್ಪನಿಂದ ಬಂದ ಗುರುತಿನ ವಿರುದ್ಧ ಆಗಲೇ ಅವರಲ್ಲಿ ಆಂಟಿಬಾಡಿ ಹುಟ್ಟಿರಬಹುದು. ಅಂದರೆ ಅವ್ವನ ಮೈ ಬೇಡ ಅನ್ನೋ ಸಾಧ್ಯತೆ ಮಗನ ರಕ್ತಕ್ಕೇ ಜಾಸ್ತಿ! ಗ್ರೂಪ್ ಒಂದೇ ಇದ್ದರೂ ಕ್ರಾಸ್ ಮ್ಯಾಚ್ ಮಾಡೋದು ಇದಕ್ಕೇ. ರೋಗಿಯ ಸೀರಮ್, ದಾನಿಯ ಕಣ, ಎರಡನ್ನೂ ಟ್ಯೂಬಿನಲ್ಲೇ ಬೆರೆಸಿ ನೋಡೋದು.

ಇನ್ನೊಂದು ಅಪಾಯ ಅಪರೂಪದ್ದು, ಆದರೆ ಭಯಂಕರ. ದಾನಿಯ ಬಿಳಿ ಕಣಗಳು ರೋಗಿಯ ಮೈಯಲ್ಲೇ ಬೇರೂರಿ ಅದರ ಮೇಲೇ ತಿರುಗಿಬೀಳೋದು. ರಕ್ತಸಂಬಂಧಿಗಳ ನಡುವೆ ಇದು ಜಾಸ್ತಿ, ಯಾಕಂದರೆ ಹತ್ತಿರದವರ ಕಣ ಅಂತ ಮೈ ಮೋಸ ಹೋಗುತ್ತೆ. ನಮ್ಮ ಕಡೆ ಸೋದರಮಾವನನ್ನೇ ಮದುವೆಯಾಗುವ ರೂಢಿ ಬೇರೆ ಇದೆ, ಇಡೀ ಮನೆತನವೇ ಹತ್ತಿರದ್ದು. ಅನಿವಾರ್ಯವಾದರೆ ಆ ಬಾಟಲಿಗೆ ವಿಕಿರಣ ಹಾಯಿಸಿಯೇ ಕೊಡಬೇಕು. ಆ ಯಂತ್ರ ಎಲ್ಲ ಕಡೆ ಇರಲ್ಲ.

'ಗೊತ್ತಿಲ್ಲದವರ ರಕ್ತದಲ್ಲಿ ರೋಗ ಇದ್ರೆ?' ಅಂತೀರಿ. ಪ್ರತಿ ಬಾಟಲಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಟೆಸ್ಟ್ ಕಡ್ಡಾಯ. ಸೋಂಕು ತಗುಲಿದ ಹೊಸದರಲ್ಲಿ ಟೆಸ್ಟಿಗೂ ಸಿಗದೆ ಹೋಗಬಹುದು, ನಿಜ. ಅದಕ್ಕೇ ದಾನಿ ಸತ್ಯ ಹೇಳೋದು ಮುಖ್ಯ. ಮನೆಯವರೆಲ್ಲ ಸುತ್ತ ನಿಂತು ಒತ್ತಾಯ ಮಾಡಿದಾಗ ಯಾರು ಸತ್ಯ ಹೇಳ್ತಾರೆ? ತಾನಾಗಿ ಶಿಬಿರಕ್ಕೆ ಬಂದು ಕೊಟ್ಟವನನ್ನೇ ನಾನು ಜಾಸ್ತಿ ನಂಬ್ತೀನಿ.

ನಿಜ ಹೇಳಬೇಕಂದ್ರೆ ನನಗೆ ಇದಕ್ಕಿಂತ ಹೆಚ್ಚು ಭಯ ಚೀಟಿಯದು. ಒಂದೇ ವಾರ್ಡಿನಲ್ಲಿ ಇಬ್ಬರು ಮಲ್ಲವ್ವ ಇರೋದು ನಮ್ಮಲ್ಲಿ ದೊಡ್ಡ ಮಾತೇನಲ್ಲ. ಸ್ಯಾಂಪಲ್ ತೆಗೆದ ತಕ್ಷಣ, ಹಾಸಿಗೆಯ ಪಕ್ಕದಲ್ಲೇ, ಟ್ಯೂಬಿನ ಮೇಲೆ ಹೆಸರು ಮತ್ತು ಆಸ್ಪತ್ರೆ ನಂಬರ್ ಬರೆದರಾ, ನೋಡಿಕೊಳ್ಳಿ. ಬಾಟಲಿ ಹಾಕುವಾಗಲೂ ಹೆಸರು, ನಂಬರ್, ಗ್ರೂಪ್ ಮೂರನ್ನೂ ಓದಿಸಿ. ನರ್ಸ್ ಬೇಜಾರಾದರೆ ಆಗಲಿ.

ಬಾಟಲಿ ತರೋಕೆ ನಿಮ್ಮನ್ನೇ ಕಳಿಸಿದರೆ ಐಸ್ ಬಾಕ್ಸ್ ಕೇಳಿ. ಈ ಬಿಸಿಲಲ್ಲಿ ಕೈಚೀಲಕ್ಕೆ ಹಾಕ್ಕೊಂಡು ಚಹಾ ಕುಡೀತಾ ನಿಲ್ಲಬೇಡಿ. ತಣ್ಣಗಿದೆ ಅಂತ ಬಿಸಿನೀರಿನಲ್ಲಿ ಇಡೋದಂತೂ ಬೇಡವೇ ಬೇಡ, ಕಣ ಒಡೆದುಹೋಗುತ್ತವೆ. ಫ್ರಿಜ್‌ನಿಂದ ತೆಗೆದ ಮೇಲೆ ಅರ್ಧ ಗಂಟೆಯೊಳಗೆ ಶುರು ಮಾಡಬೇಕು, ನಾಲ್ಕು ಗಂಟೆಯೊಳಗೆ ಮುಗೀಬೇಕು.

ಮೊದಲ 15 ನಿಮಿಷ ಅವ್ವನ ಪಕ್ಕದಿಂದ ಏಳಬೇಡಿ. ಚಳಿ, ಜ್ವರ, ಸೊಂಟನೋವು, ಎದೆ ಬಿಗಿತ, ಮೈ ತುರಿಕೆ, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನರ್ಸನ್ನು ಕೂಗಿ, ಬಾಟಲಿ ನಿಲ್ಲಿಸೋಕೆ ಹೇಳಿ. ಮೂತ್ರ ಕೆಂಪಾಗಿ ಬಂದರೂ ಅಷ್ಟೇ. ನಿಲ್ಲಿಸಿದ ಬಾಟಲಿ ಎಸೆಯಬಾರದು, ಅದನ್ನು ಕೊಟ್ಟ ಬ್ಲಡ್ ಬ್ಯಾಂಕಿಗೆ ವಾಪಸ್ ಹೋಗಬೇಕು. ಎಲ್ಲಿ ತಪ್ಪಿತು ಅಂತ ಲ್ಯಾಬಿನವರು ಹುಡುಕೋದು ಅದರಲ್ಲೇ.