ಸೋದರಮಾವನ ವಾಲ್ವ್ ಸೆಟ್ಟಿಗೆ ಈಗಲೇ ಕರೆಂಟ್ ಕೊಡಬೇಡಿ

ನಿಮ್ಮ ಸೋದರಮಾವ ಕಟ್ಟಿದ, 807 ಎಂಬ ವಾಲ್ವಿನ (ಹಳೆಯ ಕಾಲದ ಗಾಜಿನ ನಳಿಕೆಯ) ಟ್ರಾನ್ಸ್‌ಮಿಟರ್ ಹಾವೇರಿಯ ಮನೆಯ ಅಟ್ಟದ ಮೇಲಿದೆ, ಅದನ್ನೇ ಚಾಲೂ ಮಾಡಿ ಹ್ಯಾಮ್ (ಹವ್ಯಾಸಿ ರೇಡಿಯೊ) ಸ್ಟೇಷನ್ ಶುರು ಮಾಡಲೋ, ಅದನ್ನು ಮಾರಿ ಹೊಸ ಸೆಟ್ ಕೊಳ್ಳಲೋ ಎಂದು ಕೇಳಿದ್ದೀರಿ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ನಿಮಗಿರುವಷ್ಟು ತಾಳ್ಮೆ ನನಗಿರಲಿಲ್ಲವಾದ್ದರಿಂದ ನಾನು ಯಾರನ್ನೂ ಕೇಳಲಿಲ್ಲ.

ನನಗೆ ಸಿಕ್ಕಿದ್ದೂ ಮನೆಯಲ್ಲಿಯೇ ಕಟ್ಟಿದ ಸೆಟ್. ನಮ್ಮ ಓಣಿಯ ಹಿರಿಯ ಹ್ಯಾಮ್ ಒಬ್ಬರು ತೀರಿಕೊಂಡ ಮೇಲೆ ಅವರ ಮಕ್ಕಳು ಗುಜರಿಗೆ ಹಾಕುವ ಮೊದಲು ನನ್ನನ್ನು ಕರೆದು ಕೊಟ್ಟರು. ವಿದೇಶಿ ಸೆಟ್ ತರಿಸುವುದು ದುಸ್ತರವಾಗಿದ್ದ ಕಾಲದಲ್ಲಿ ನಮ್ಮ ಹ್ಯಾಮ್‌ಗಳು ಎರಡನೆಯ ಮಹಾಯುದ್ಧದ ನಂತರ ಮಾರಾಟಕ್ಕೆ ಬಂದ ಸೈನ್ಯದ ಬಿಡಿಭಾಗಗಳಿಂದ ಇಂಥವನ್ನು ಕಟ್ಟಿಕೊಳ್ಳುತ್ತಿದ್ದರು. ಅಲ್ಯೂಮಿನಿಯಂ ಷಾಸಿಯ (ಚೌಕಟ್ಟಿನ) ಒಂದು ತುದಿಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ 5ಯು4 ವಾಲ್ವು, ನಡುವೆ ರೇಡಿಯೊ ಅಲೆ ಹುಟ್ಟಿಸುವ ಆಸಿಲೇಟರ್ ಆಗಿ 6ವಿ6, ಇನ್ನೊಂದು ತುದಿಗೆ ಆ ಅಲೆಯನ್ನು ಬಲಗೊಳಿಸುವ, ನೆತ್ತಿಯ ಮೇಲೆ ಲೋಹದ ಟೋಪಿಯುಳ್ಳ 807. ನಕ್ಷೆ ಇರಲಿಲ್ಲ. ಷಾಸಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಕೆಲವು ವೋಲ್ಟೇಜುಗಳಷ್ಟೇ ಇದ್ದವು. ಧಾರವಾಡದ ಮಳೆಗಾಲಗಳ ಥಂಡಿಯನ್ನೆಲ್ಲ ಅದು ಹೆಂಚಿನ ಕೆಳಗಿನ ಅಟ್ಟದಲ್ಲಿ ಕುಡಿದಿತ್ತು.

ನಾನು ಅದರ ಧೂಳು ಒರೆಸಿ, ನೇರವಾಗಿ 230 ವೋಲ್ಟಿನ ಪ್ಲಗ್ಗಿಗೆ ಹಾಕಿದೆ. ವಾಲ್ವುಗಳು ಬೆಳಗಿದವು. ಸ್ವಲ್ಪ ಹೊತ್ತಿನಲ್ಲಿ 5ಯು4 ಒಳಗಿನ ಪ್ಲೇಟುಗಳೂ ಕೆಂಪಗಾದವು. ಹಳೆಯ ವಾಲ್ವಿನ ಸೊಬಗೇ ಇದು ಎಂದುಕೊಂಡು ನಾನು ನೋಡುತ್ತ ನಿಂತೆ! ಹೊಳೆಯಬೇಕಾದದ್ದು ಒಳಗಿನ ತಂತು ಮಾತ್ರ. ರೆಕ್ಟಿಫೈಯರಿನ ಪ್ಲೇಟು ಕೆಂಪಾಯಿತೆಂದರೆ ಬಹುಮಟ್ಟಿಗೆ ಎಲ್ಲಿಯೋ ಶಾರ್ಟ್ ಆಗಿದೆ ಎಂದೇ ಅರ್ಥ. ಟ್ರಾನ್ಸ್‌ಫಾರ್ಮರಿನ ಡಾಂಬರು ಕರಗಿ ಮೇಜಿನ ಮೇಲೆ ಹರಿದು ಮನೆಯೆಲ್ಲ ಸುಟ್ಟ ವಾಸನೆ ತುಂಬಿದ ಮೇಲೆಯೇ ನಾನು ಪ್ಲಗ್ ಕಿತ್ತದ್ದು.

ಏನಾಯಿತೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸೆಟ್ಟಿನಲ್ಲಿಯೂ ಇದೇ ಆಗುವ ಸಂಭವವಿದೆ. ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳುವಾದ ಆಕ್ಸೈಡ್ ಪದರವೇ ಇನ್ಸುಲೇಶನ್. ಆಗಾಗ ವೋಲ್ಟೇಜ್ ಸಿಗುತ್ತಿದ್ದರೆ ಆ ಪದರ ಉಳಿಯುತ್ತದೆ. ವರ್ಷಗಟ್ಟಲೆ ಖಾಲಿ ಬಿದ್ದರೆ ಕ್ಷೀಣಿಸುತ್ತದೆ. ನನ್ನ ಸೆಟ್ಟಿನಲ್ಲಿ ಸುಮಾರು 600 ವೋಲ್ಟನ್ನು ತಡೆಯಲು 450 ವೋಲ್ಟಿನ ಎರಡು ಕೆಪಾಸಿಟರ್‌ಗಳನ್ನು ಒಂದರ ಹಿಂದೊಂದು ಜೋಡಿಸಿದ್ದರು. ಮೊದಲನೆಯದು ಸೋರಿ ಶಾರ್ಟ್ ಆದೊಡನೆ ಇಡೀ ವೋಲ್ಟೇಜ್ ಎರಡನೆಯದರ ಮೇಲೆ ಬಿದ್ದು ಅದೂ ಹೋಯಿತು. ಇಷ್ಟಾದರೂ ಹೆಚ್ಚಿನ ನಷ್ಟವಾಗಬೇಕಿರಲಿಲ್ಲ. 1 ಆಂಪಿಯರ್ ಫ್ಯೂಜ್ ಇದ್ದಿದ್ದರೆ ಅದು ಹಾರಿ ಕೆಲಸ ಮುಗಿಯುತ್ತಿತ್ತು. ಆದರೆ ಹಿಂದೆ ಯಾರೋ ಫ್ಯೂಜಿನ ಜಾಗದಲ್ಲಿ ವಾಯರಿನ ತಾಮ್ರದ ಎಳೆಗಳನ್ನು ಹೊಸೆದು ಸಿಕ್ಕಿಸಿದ್ದರು. ಅಂಥ ತೆಳುವಾದ ಒಂದೇ ಎಳೆ ಕೂಡ ಕರಗಲು ಹಲವು ಆಂಪಿಯರ್ ಬೇಕು. ಶಾರ್ಟ್ ಆದ ಈ ಟ್ರಾನ್ಸ್‌ಫಾರ್ಮರ್ ಮೇನ್ಸಿನಿಂದ ಅಷ್ಟನ್ನು ಎಳೆಯಲೇ ಇಲ್ಲ, ತಾನು ಸುಡಲು ಬೇಕಾದಷ್ಟನ್ನು ಮಾತ್ರ ಎಳೆಯಿತು. ಮನೆಯ ಎಂಸಿಬಿ ಕೂಡ ಅಲುಗಲಿಲ್ಲ. ಫ್ಯೂಜ್ ಹೋಲ್ಡರಿನ ಮುಚ್ಚಳ ತಿರುಗಿಸಿ ನೋಡಲು ಅರ್ಧ ನಿಮಿಷ ಸಾಕಿತ್ತು, ನಾನು ನೋಡಲಿಲ್ಲ.

ಹುಬ್ಬಳ್ಳಿಯಲ್ಲಿ ಪಂಪಿನ ಮೋಟರುಗಳನ್ನು ಸೊಗಸಾಗಿ ರಿವೈಂಡಿಂಗ್ ಮಾಡುವವರೊಬ್ಬರ ಬಳಿ ಟ್ರಾನ್ಸ್‌ಫಾರ್ಮರನ್ನು ಒಯ್ದೆ. ಅವರ ಕೈಚಳಕದಲ್ಲಿ ಕೊರತೆಯಿರಲಿಲ್ಲ, ಆದರೆ ಸಾವಿರಾರು ಸುತ್ತುಗಳ ಸಣ್ಣ ತಂತಿಗೆ ಪದರ ಪದರಕ್ಕೂ ಕಾಗದ ಇಡಬೇಕೆಂಬುದನ್ನು ನಾನು ಹೇಳಿರಲಿಲ್ಲ. ಒಳಗೇ ಕಿಡಿ ಹಾರಿ ಅದೂ ಸುಟ್ಟಿತು. ಎರಡನೆಯ ಸಲ ಕಾಗದವಿಟ್ಟು ಸುತ್ತಿಸಿದ್ದು ಇಂದಿಗೂ ನಡೆಯುತ್ತಿದೆ, ಆದರೆ ಅಷ್ಟರಲ್ಲಿ ಒಂದು ಹೊಸ ಸೆಟ್ಟಿಗೆ ಮುಂಗಡ ಕೊಡಬಹುದಾದಷ್ಟು ಹಣ ಕರಗಿತ್ತು.

ಆದ್ದರಿಂದ ಎಲೆಕ್ಟ್ರೋಲಿಟಿಕ್‌ಗಳನ್ನು ಪರೀಕ್ಷಿಸುತ್ತ ಕೂಡದೆ ಎಲ್ಲವನ್ನೂ ಬದಲಾಯಿಸಿ. ನಿಧಾನವಾಗಿ ವೋಲ್ಟೇಜ್ ಏರಿಸಿ ಹಳೆಯವನ್ನೇ ಬದುಕಿಸಬಹುದೆನ್ನುವವರಿದ್ದಾರೆ. ನನಗೆ ಅದು ಜಿಪುಣತನವಾಗಿಯೇ ಕಾಣುತ್ತದೆ. ಮೊದಲ ಸಲ ಕರೆಂಟ್ ಕೊಡುವಾಗ 100 ವ್ಯಾಟಿನ ತಂತುವಿನ ಬಲ್ಬನ್ನು ಸರಣಿಯಲ್ಲಿ ಹಾಕಿ. ಎಲ್‌ಇಡಿ ಬಲ್ಬು ಇದಕ್ಕೆ ಬಾರದು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ, ಪೂರ್ತಿ ಬೆಳಕಿನಲ್ಲಿಯೇ ಉಳಿದರೆ ಒಳಗೆ ಶಾರ್ಟ್ ಇದೆ. 807ರ ಟೋಪಿಯಲ್ಲಿ ಪ್ಲೇಟ್ ವೋಲ್ಟೇಜ್ ಬಯಲಲ್ಲೇ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಹುದು.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಹಳೆಯದೋ ಹೊಸದೋ ಎಂದು ನೀವು ಕೇಳುತ್ತಿರುವುದೇ ಸರಿಯಲ್ಲ, ಏಕೆಂದರೆ ಇವೆರಡೂ ಒಂದೇ ಕೆಲಸದ ಯಂತ್ರಗಳಲ್ಲ. ಹ್ಯಾಮ್‌ಗಳ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಆಸುಪಾಸು) ಇಂದು ಮಾತೆಲ್ಲ ಬಹುಮಟ್ಟಿಗೆ ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಪ್ರಸಾರ ವಿಧಾನದಲ್ಲಿ ನಡೆಯುತ್ತದೆ. ಇಂಥ 807 ಸೆಟ್ಟು ಕೊಡುವುದು ಎಎಂ (ಮೀಡಿಯಂ ವೇವ್ ಆಕಾಶವಾಣಿಯ ಹಳೆಯ ವಿಧಾನ) ಅಥವಾ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ). ಮೋರ್ಸ್ ಕಲಿಯುವ ಮನಸ್ಸಿಲ್ಲದಿದ್ದರೆ ಅದರಿಂದ ನಿಮಗೆ ಮಾತಿಗೆ ಜೊತೆಗಾರರು ಸಿಗುವುದು ಕಷ್ಟ. ಮಾತಿಗೆ, ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಮಾದರಿಯ ಸೆಟ್ಟೊಂದನ್ನು ನೀವೇ ಕಟ್ಟಿ. ಅದರ ಮೊದಲ ವಿನ್ಯಾಸದಲ್ಲಿ ಕಾಯಿಲ್ ಸುತ್ತಲು ನಲ್ಲಿಯ ವಾಷರನ್ನೇ ಬಳಸಿದ್ದರು. ನಿಮ್ಮ ಮಾವನವರು ಕೂಡ ಮೆಚ್ಚಬಹುದಾದ ಜಾಣತನವದು.

ಅದಕ್ಕೂ ಮೊದಲು ಆಂಟೆನಾ. 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ತಾಮ್ರದ ತಂತಿ, ನಡುವೆ ಫೀಡರ್ (ಸೆಟ್ಟಿಗೆ ಇಳಿಯುವ ಕೇಬಲ್), ಎರಡೂ ಕಡೆ ತಲಾ 10 ಮೀಟರ್. ಮಾಳಿಗೆಯ ಮೇಲೆ ಒಂದು ಪೈಪ್ ನಿಲ್ಲಿಸಿ ತುದಿಗಳನ್ನು ಇಳಿಜಾರಾಗಿ ಕಟ್ಟಿದರೆ ಸಾಕು. ಮೊದಲು ಅದರಲ್ಲಿ ಕೇಳಿ. ನಾನು ಕಟ್ಟಿದ ಸರಳ ರಿಸೀವರಿನಲ್ಲಿ ಆಕಾಶವಾಣಿ ಧಾರವಾಡದ 765 ಕಿಲೋಹರ್ಟ್ಸ್ ನುಗ್ಗಿ, 40 ಮೀಟರಿನಲ್ಲಿಯೂ ವಾರ್ತೆಯೇ ಕೇಳುತ್ತಿತ್ತು. ಮೀಡಿಯಂ ವೇವ್ ತಡೆಯುವ ಫಿಲ್ಟರ್ ಹಾಕಿದ ಮೇಲೆ ಬ್ಯಾಂಡು ತೆರೆದುಕೊಂಡಿತು. ಹಾವೇರಿಯಲ್ಲಿ ನಿಮಗೆ ಇದಕ್ಕಿಂತ ಅಕ್ಕಪಕ್ಕದ ಅಗ್ಗದ ಎಲ್‌ಇಡಿ ಬಲ್ಬುಗಳ ಗೊರಗೊರವೇ ಹೆಚ್ಚು ಕಾಡೀತು.

ಲೈಸೆನ್ಸಿನ ಬಗ್ಗೆ ನೀವು ಏನೂ ಬರೆದಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ, ಜನರಲ್ ದರ್ಜೆಗೆ ಬೇಕು. ಲೈಸೆನ್ಸ್ ಕೈಗೆ ಬರುವವರೆಗೆ ಪ್ರಸಾರದ ಮಾತೇ ಇಲ್ಲ. ಮಾರುವ ಯೋಚನೆಯನ್ನೂ ಸದ್ಯಕ್ಕೆ ಬಿಡಿ. ಲೈಸೆನ್ಸ್ ಇಲ್ಲದವರ ಕೈಗೆ ಟ್ರಾನ್ಸ್‌ಮಿಟರ್ ಕೊಟ್ಟರೆ ಇಬ್ಬರಿಗೂ ತೊಂದರೆ. ಮನೆಯಲ್ಲಿ ಕುತೂಹಲದ ಮಕ್ಕಳಿದ್ದರೆ ಇಂದೇ ಅದರ ಪ್ಲಗ್ಗನ್ನು ಕತ್ತರಿಸಿಡಿ.